ಪಟ್ಟಣದಲ್ಲಿ ಮನೆ, ಹಳ್ಳಿಯಲ್ಲಿ ಜಮೀನು: ಇಂಗಾಲ ಹಿಡಿದಿಡಲು ಎಲ್ಲಿಂದ ಶುರು ಮಾಡಬೇಕು?

ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ಅಂಗಡಿ ಇಟ್ಟುಕೊಂಡಿರುವ, ಅಲ್ಲಿನ ಗಲ್ಲಿಗಳಲ್ಲಿ ತಲೆಮಾರುಗಳಿಂದ ವಾಸವಿರುವ ಎಷ್ಟೋ ಕುಟುಂಬಗಳಿಗೆ ಹುಣಸೂರು, ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಕಡೆ ಒಂದೆರಡು ಎಕರೆ ಪಿತ್ರಾರ್ಜಿತ ಜಮೀನಿದೆ. ಕೃಷಿ ಭೂಮಿ ಕೊಳ್ಳಲು ಇದ್ದ ನಿರ್ಬಂಧಗಳನ್ನು 2020ರ ತಿದ್ದುಪಡಿ ತೆಗೆದುಹಾಕಿದ ಮೇಲೆ ಹೊಸದಾಗಿ ಜಮೀನು ಮಾಡಿದ ನಗರವಾಸಿಗಳೂ ಸೇರಿಕೊಂಡಿದ್ದಾರೆ. ಇಂಥ ಜಮೀನುಗಳಲ್ಲಿ ಕೆಲವನ್ನು ಊರಿನವರು ವಾರಕ್ಕೆ (ಫಸಲಿನ ಪಾಲಿಗೆ) ಮಾಡುತ್ತಾರೆ, ಕೆಲವು ಬೀಳು ಬಿದ್ದು ಪಾರ್ಥೇನಿಯಂ ಬೆಳೆಯುತ್ತಿವೆ. ಈಗ ಅವರ ಕಿವಿಗೆ ‘ಕಾರ್ಬನ್ ಕ್ರೆಡಿಟ್’ ಎಂಬ ಮಾತು ಬೀಳತೊಡಗಿದೆ: ಮರ ನೆಟ್ಟರೆ ಸಾಕು, ಗಾಳಿಯ ಇಂಗಾಲ ಹೀರಿದ್ದಕ್ಕೆ ಕಂಪನಿಗಳು ಹಣ ಕೊಡುತ್ತವೆ ಎಂದು.

ಮಾತಿನಲ್ಲಿ ಸತ್ಯವಿದೆ. ಆದರೆ ಕ್ರಮ ತಲೆಕೆಳಗಾಗಿದೆ. ಕ್ರೆಡಿಟ್ಟಿನ ಹಣ ಕಟ್ಟಕಡೆಯದು. ಅದಕ್ಕೂ ಮೊದಲು ದಾಖಲೆ, ಮಣ್ಣು, ಮರ, ಮತ್ತು ಮರವನ್ನು ಕಾಯುವ ಮನುಷ್ಯ ಸರಿಹೋಗಬೇಕು. ಇವು ಸರಿಯಿದ್ದರೆ ಕ್ರೆಡಿಟ್ ಸಿಗದಿದ್ದರೂ ನಷ್ಟವಿಲ್ಲ.

ಮೊದಲು ಸ್ವಲ್ಪ ಲೆಕ್ಕ

ಮರ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಾಂಡ, ಕೊಂಬೆ, ಬೇರುಗಳನ್ನು ಬೆಳೆಸುತ್ತದೆ. ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. 1 ಟನ್ ಇಂಗಾಲ ಮರದಲ್ಲಿ ಸೇರಿತು ಎಂದರೆ ಗಾಳಿಯಿಂದ 3.67 ಟನ್ ಡೈಆಕ್ಸೈಡ್ ಕಡಿಮೆಯಾಯಿತು ಎಂದರ್ಥ. ಎದೆಮಟ್ಟದಲ್ಲಿ 1 ಮೀಟರ್ ಸುತ್ತಳತೆ, ಸುಮಾರು 15 ಮೀಟರ್ ಎತ್ತರ ಇರುವ ಮಧ್ಯಮ ಗಟ್ಟಿಯ ಒಂದು ಮರ, ಬೇರೂ ಸೇರಿ, ಸರಿಸುಮಾರು 1 ಟನ್ ಡೈಆಕ್ಸೈಡನ್ನು ಹಿಡಿದಿಟ್ಟಿರುತ್ತದೆ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಿ. ಯಾರಾದರೂ ದೊಡ್ಡ ಮೊತ್ತ ಹೇಳಿದಾಗ ಒರೆಹಚ್ಚಿ ನೋಡಲು ಇದು ಸಾಕು.

ಹಿಡಿದ ಇಂಗಾಲ ಎಷ್ಟು ಕಾಲ ಉಳಿಯುತ್ತದೆ ಎಂಬುದು ಮರದ ಮುಂದಿನ ಗತಿಯ ಮೇಲೆ ನಿಂತಿದೆ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗೆ ಸೌದೆಯಾದರೆ ಅದೇ ವರ್ಷ ಗಾಳಿಗೆ ವಾಪಸು. ಬಾಗಿಲು, ತೊಲೆ, ಕಂಬವಾದರೆ ಮನೆ ನಿಂತಿರುವವರೆಗೂ ಭದ್ರ. ನಮ್ಮ ಮೊಹಲ್ಲಾಗಳ ಹಳೆಯ ಮನೆಗಳ ತೇಗದ ಕಂಬಗಳಲ್ಲಿ ನೂರು ವರ್ಷದ ಹಿಂದಿನ ಇಂಗಾಲ ಹಾಗೆಯೇ ಕೂತಿದೆ.

ಮಣ್ಣಿನದು ಇನ್ನೊಂದು ಖಜಾನೆ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 850 ಟನ್ ತೂಗುತ್ತದೆ. ಅದರಲ್ಲಿ ಸಾವಯವ ಇಂಗಾಲದ ಪ್ರಮಾಣ ಶೇ 0.1ರಷ್ಟು ಏರಿದರೆ ಗಾಳಿಯಿಂದ ಸುಮಾರು 3 ಟನ್ ಡೈಆಕ್ಸೈಡ್ ಇಳಿದಂತೆ.

ಹೆಜ್ಜೆ 1: ಪಹಣಿ ಯಾರ ಹೆಸರಲ್ಲಿದೆ?

ಸಸಿ ತರುವ ಮೊದಲು ‘ಭೂಮಿ’ ಜಾಲತಾಣದಲ್ಲಿ ಪಹಣಿ ತೆಗೆದು ನೋಡಿ. ಪಟ್ಟಣ ಸೇರಿದ ಕುಟುಂಬಗಳಲ್ಲಿ ತೀರಿಹೋದ ತಾತನ ಹೆಸರೇ ಇನ್ನೂ ಇರುವುದುಂಟು. ಹಾಗಿದ್ದರೆ ವಂಶವೃಕ್ಷ, ಮರಣ ಪ್ರಮಾಣಪತ್ರದೊಂದಿಗೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಒಂದೇ ಸರ್ವೆ ನಂಬರಿನಲ್ಲಿ ಹಲವರ ಹೆಸರಿದ್ದರೆ ಪೋಡಿ ಮಾಡಿಸಿ. ಗಡಿಯ ಬಗ್ಗೆ ಅನುಮಾನವಿದ್ದರೆ ಹದ್ದುಬಸ್ತು ಅಳತೆಗೆ ಹಣ ಕಟ್ಟಿ. ಮರ ನಿಲ್ಲುವುದು ಹದಿನೈದು, ಇಪ್ಪತ್ತು ವರ್ಷ. ಅಷ್ಟರಲ್ಲಿ ಅಣ್ಣತಮ್ಮಂದಿರ ನಡುವೆ ಭಾಗದ ಮಾತು ಬಂದರೆ ಮೊದಲು ಕೊಡಲಿ ಬೀಳುವುದು ಮರಕ್ಕೇ. ಅಕ್ಕತಂಗಿಯರನ್ನೂ ಸೇರಿಸಿಕೊಂಡು ಎಲ್ಲ ಹಕ್ಕುದಾರರ ಒಪ್ಪಿಗೆಯನ್ನು ಈಗಲೇ ಬರೆದಿಟ್ಟುಕೊಳ್ಳಿ.

ಹೆಜ್ಜೆ 2: ಮಣ್ಣು ಪರೀಕ್ಷೆ

ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮೊದಲು, ಜಮೀನಿನ ಎಂಟು ಹತ್ತು ಕಡೆ ಕಸ ಸರಿಸಿ ಇಂಗ್ಲಿಷಿನ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳ ತೋಡಿ. ಗುಂಡಿಯ ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದಿಂಚು ದಪ್ಪದ ಮಣ್ಣು ಹೆರೆದು ತೆಗೆಯಿರಿ. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಡಿ. ಅರ್ಧ ಕೆ.ಜಿ. ಉಳಿಯುವವರೆಗೂ ಹೀಗೆ ಮಾಡಿ ನೆರಳಲ್ಲಿ ಒಣಗಿಸಿ. ಬದು, ತಿಪ್ಪೆ, ಮರದ ಬುಡದ ಮಣ್ಣು ಬೇಡ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟರೆ ಪರೀಕ್ಷೆಗೆ ಕಳಿಸುತ್ತಾರೆ. ನಂಜನಗೂಡು ಕಡೆಯವರು ಸುತ್ತೂರಿನ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಬಹುದು.

ಚೀಟಿಯಲ್ಲಿ ಎಲ್ಲರೂ ನೋಡುವುದು ಸಾರಜನಕ, ರಂಜಕ, ಪೊಟ್ಯಾಷ್. ನೀವು ಸಾವಯವ ಇಂಗಾಲದ ಸಾಲು ನೋಡಿ. ಶೇ 0.5ಕ್ಕಿಂತ ಕಡಿಮೆ ಇದ್ದರೆ ಬಡ ಮಣ್ಣು, 0.75 ದಾಟಿದರೆ ಒಳ್ಳೆಯದು. ಈ ಚೀಟಿಯನ್ನು ಜೋಪಾನವಾಗಿಡಿ. ಇವತ್ತಿನ ಅಂಕಿ ಇಲ್ಲದಿದ್ದರೆ ನಾಳೆ ಎಷ್ಟು ಹೆಚ್ಚಿತು ಎಂದು ಯಾರಿಗೂ ತೋರಿಸಲಾಗುವುದಿಲ್ಲ.

ಹೆಚ್ಚಿಸುವ ದಾರಿಗಳು ಊರಿನ ಹಿರಿಯರಿಗೆ ಗೊತ್ತಿರುವವೇ. ಕಬ್ಬಿನ ತರಗಿಗೆ ಬೆಂಕಿ ಇಡದೆ ಸಾಲುಗಳ ನಡುವೆ ಹೊದಿಸುವುದು, ಮುಂಗಾರಿಗೆ ಮುನ್ನ ಸೆಣಬು, ಡಯಾಂಚ ಅಥವಾ ಅಲಸಂದೆ ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸುವುದು, ಬದುವಿನ ಮೇಲೆ ಗ್ಲಿರಿಸಿಡಿಯ ಬೆಳೆಸಿ ಸೊಪ್ಪು ಕೊಯ್ದು ಹಾಕುವುದು, ಕೊಟ್ಟಿಗೆ ಗೊಬ್ಬರ ಹಾಕುವುದು, ಉಳುಮೆ ಕಡಿಮೆ ಮಾಡುವುದು. ನಮ್ಮ ಬಿಸಿಲಿನ ಸೀಮೆಯ ಕೆಂಪು ಮಣ್ಣಿನಲ್ಲಿ ಸಾವಯವ ಪದಾರ್ಥ ಬೇಗ ಕರಗಿಹೋಗುತ್ತದೆ. ಒಂದು ವರ್ಷ ಮಾಡಿ ಬಿಟ್ಟರೆ ಗಳಿಸಿದ್ದು ಉಳಿಯುವುದಿಲ್ಲ.

ಹೆಜ್ಜೆ 3: ಕಾಯುವವರೊಂದಿಗೆ ಮಾತು

ಯೋಜನೆಗಳ ಕೈಪಿಡಿಗಳಲ್ಲಿ ಇದು ಬರುವುದಿಲ್ಲ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಜಮೀನು ಗೇಣಿಗೆ ಕೊಡಲು ಕಾನೂನಿನ ತಡೆ ಇದೆ. ಹಾಗಾಗಿ ವಾರಕ್ಕೆ ಮಾಡುವ ವ್ಯವಹಾರವೆಲ್ಲ ಬಾಯಿಮಾತಿನದು. ಮುಂದಿನ ವರ್ಷ ಜಮೀನು ತನ್ನ ಕೈಯಲ್ಲಿರುತ್ತದೋ ಇಲ್ಲವೋ ಎಂದು ತಿಳಿಯದವನು ಹಸಿರೆಲೆ ಗೊಬ್ಬರ ಏಕೆ ಬಿತ್ತುತ್ತಾನೆ? ಬೆಳೆಗೆ ನೆರಳು ಬೀಳಿಸುವ ಸಸಿಯನ್ನು ಮೇಕೆಯಿಂದ ಏಕೆ ಕಾಪಾಡುತ್ತಾನೆ? ಸಸಿಗಳ ಪಾಲನೆಗೆ ಪ್ರತ್ಯೇಕ ಕೂಲಿ ಕೊಡಿ. ಬದುಕಿದ ಸಸಿಗಳಿಗೆ ಅರಣ್ಯ ಇಲಾಖೆಯಿಂದ ಬರುವ ಪ್ರೋತ್ಸಾಹಧನದಲ್ಲಿ (ವಿವರ ಮುಂದಿನ ಹೆಜ್ಜೆಯಲ್ಲಿದೆ) ಪಾಲು ಕೊಡಿ. ಸೊಪ್ಪು, ಸೌದೆ, ಹಲಸು, ನೇರಳೆ ಹಣ್ಣು ಅವರಿಗೇ ಇರಲಿ. ಇಂಗಾಲವನ್ನು ನಿಜವಾಗಿ ಉಳಿಸುವವರು ಅವರು.

ಹೆಜ್ಜೆ 4: ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ

ಕೃಷಿ ಅರಣ್ಯಕ್ಕೆಂದೇ ರಾಷ್ಟ್ರೀಯ ನೀತಿಯನ್ನು ಭಾರತ 2014ರಲ್ಲಿ ಪ್ರಕಟಿಸಿತು. ಕರ್ನಾಟಕದ ಈ ಯೋಜನೆ ಅದಕ್ಕಿಂತ ಹಳೆಯದು, 2011-12ರದು. ಅರಣ್ಯ ಇಲಾಖೆ ರಿಯಾಯಿತಿ ದರದಲ್ಲಿ ಸಸಿ ಕೊಡುತ್ತದೆ. ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಪ್ರೋತ್ಸಾಹಧನ. ಹೆಕ್ಟೇರಿಗೆ ಹೆಚ್ಚೆಂದರೆ 400 ಸಸಿ, ಅಂದರೆ ಎಕರೆಗೆ 160. ಎಲ್ಲವೂ ಉಳಿದರೆ ಮೂರು ವರ್ಷದಲ್ಲಿ ಎಕರೆಗೆ 20,000 ರೂಪಾಯಿ. ದರ ಬದಲಾಗಿದೆಯೇ ಎಂದು ನೋಂದಣಿಯ ಹೊತ್ತಿಗೆ ಕೇಳಿಕೊಳ್ಳಿ.

ಮೈಸೂರಿನವರು ಅಶೋಕಪುರಂನ ಅರಣ್ಯ ಭವನದಲ್ಲಿ ಮಾಹಿತಿ ಪಡೆಯಬಹುದು. ಆದರೆ ಅರ್ಜಿ ಹಾಕಬೇಕಾದದ್ದು ಜಮೀನಿರುವ ತಾಲ್ಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಫೋಟೊ, ಜಮೀನಿನ ಕೈನಕ್ಷೆ ಜೊತೆಗಿರಲಿ. ಮಳೆ ಹಿಡಿದ ಮೇಲೆ ಹೋದರೆ ಬೇಕಾದ ಜಾತಿಯ ಸಸಿ ಸಿಗುವುದಿಲ್ಲ. ಬೇಸಿಗೆಯಲ್ಲೇ ಹೆಸರು ಕೊಡಿ.

ಯಾವ ಸಸಿ? ನೀಲಗಿರಿ, ಅಕೇಶಿಯ, ಸಿಲ್ವರ್ ಓಕ್, ಗಾಳಿಮರ, ಸುಬಾಬುಲ್, ಗ್ಲಿರಿಸಿಡಿಯಗಳಿಗೂ ತೆಂಗು, ಅಡಿಕೆಗೂ ಈ ಪ್ರೋತ್ಸಾಹಧನ ಇಲ್ಲ. ಹೊಸದಾಗಿ ನೀಲಗಿರಿ ನೆಡುವುದನ್ನಂತೂ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಮಳೆಯಾಶ್ರಿತ ಕೆಂಪು ಮಣ್ಣಿಗೆ ಹುಣಸೆ, ಹೊಂಗೆ, ಬೇವು, ನೇರಳೆ, ಹಲಸು ಒಗ್ಗುತ್ತವೆ. ಹೆಬ್ಬೇವು ಬೇಗ ಬೆಳೆಯುತ್ತದೆ, ಬೇಗ ಕಾಸಾಗುತ್ತದೆ. ಅಷ್ಟೇ ಬೇಗ ಕಟಾವಾಗುವುದರಿಂದ ಇಂಗಾಲ ಉಳಿಯುವ ಕಾಲವೂ ಕಡಿಮೆ. ಒಂದೇ ಜಾತಿಯ ತೋಪು ಮಾಡಬೇಡಿ. ಬದುವಿನ ಸಾಲಿಗೆ ತೇಗ, ಹೆಬ್ಬೇವು, ಮೂಲೆಗಳಿಗೆ ಹುಣಸೆ, ಹಲಸು, ಮನೆ ಅಥವಾ ಬಾವಿಯ ಹತ್ತಿರ ನೇರಳೆ ಎಂದು ಹಂಚಿ ನೆಟ್ಟರೆ ರೋಗಕ್ಕೂ ಬೆಲೆಕುಸಿತಕ್ಕೂ ಎದೆಗುಂದಬೇಕಿಲ್ಲ.

ಏಪ್ರಿಲ್, ಮೇನಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಬಿಸಿಲಿಗೆ ಬಿಡಿ. ಜೂನ್, ಜುಲೈನಲ್ಲಿ ಭೂಮಿ ನೆನೆದ ಮೇಲೆ ನೆಡಿ. ಸಾಲು ಉತ್ತರ ದಕ್ಷಿಣವಾಗಿದ್ದರೆ ಬೆಳೆಗೆ ಎರಡೂ ಕಡೆಯಿಂದ ಬಿಸಿಲು ಸಿಗುತ್ತದೆ. ಪಕ್ಕದವರ ಬದುವಿನಿಂದ ದೂರ ಬಿಟ್ಟು ನೆಡಿ, ಜಗಳ ತಪ್ಪುತ್ತದೆ. ಮೊದಲ ಎರಡು ಬೇಸಿಗೆ ದಾಟಿಸುವುದೇ ಕಷ್ಟ. ಬುಡಕ್ಕೆ ತರಗು ಹೊದಿಸಿ, ಹದಿನೈದು ದಿನಕ್ಕೊಮ್ಮೆಯಾದರೂ ನೀರು ಕಾಣಿಸಿ. ಪ್ರತಿ ವರ್ಷ ಒಂದೇ ತಿಂಗಳಲ್ಲಿ ಸಸಿಗಳ ಲೆಕ್ಕ, ಸುತ್ತಳತೆ, ಫೋಟೊ ತೆಗೆದು ಪುಸ್ತಕದಲ್ಲಿ ಬರೆಯಿರಿ.

ಹೆಜ್ಜೆ 5: ಕಡಿಯುವ ಹಕ್ಕನ್ನು ನೆಡುವಾಗಲೇ ತಿಳಿಯಿರಿ

ನೀತಿ ಎಂಬುದು ಮರವನ್ನು ಬೆಳೆಸಲೂಬಹುದು, ಅಳಿಸಲೂಬಹುದು. ಮೈಸೂರಿನವರಿಗೆ ಶ್ರೀಗಂಧಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಟಿಪ್ಪುವಿನ ಕಾಲದಿಂದ ಅದು ಪ್ರಭುತ್ವದ ಮರವಾಗಿತ್ತು. 1916ರಲ್ಲಿ ಇಲ್ಲೇ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಆದರೂ ಸ್ವಂತ ಹೊಲದಲ್ಲಿ ಹುಟ್ಟಿದ ಗಂಧದ ಗಿಡ ರೈತನಿಗೆ ತಲೆನೋವೇ ಆಗಿತ್ತು, ಏಕೆಂದರೆ ಮರ ಅವನದಲ್ಲ. 2001ರ ತಿದ್ದುಪಡಿ ಜಮೀನಿನ ಒಡೆಯನೇ ಮರದ ಒಡೆಯ ಎಂದಿತು. ಆಮೇಲೆ ರೈತರು ಧೈರ್ಯವಾಗಿ ನೆಡತೊಡಗಿದರು. ಇಂದಿಗೂ ಕಡಿಯಲು ಇಲಾಖೆಯ ಅನುಮತಿ ಬೇಕು. ಕಳ್ಳರ ಕಾಟವಂತೂ ಇದ್ದೇ ಇದೆ. ಊರಲ್ಲಿ ವಾಸವಿಲ್ಲದವರು ಶ್ರೀಗಂಧವನ್ನು ದೊಡ್ಡ ಪ್ರಮಾಣದಲ್ಲಿ ನೆಡುವುದು ಬೇಡ ಎಂಬುದು ನನ್ನ ಸ್ಪಷ್ಟ ಸಲಹೆ.

ಉಳಿದ ಮರಗಳಿಗೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ತೆಂಗು ಮುಂತಾದವಕ್ಕೆ ವಿನಾಯಿತಿ ಇದೆ. ತೇಗದಂಥವುಗಳನ್ನು ಕಡಿಯಲೂ ಸಾಗಿಸಲೂ ಅನುಮತಿ, ರಹದಾರಿ ಬೇಕು. ನೆಟ್ಟ ವರ್ಷವೇ ಪಹಣಿಯ ಮರಗಳ ಕಲಂನಲ್ಲಿ ನಮೂದು ಮಾಡಿಸಿದರೆ ಮುಂದೆ ‘ಈ ಮರ ಎಲ್ಲಿಂದ ಬಂತು’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.

ಜಮೀನಿಲ್ಲದವರು

ಮೊಹಲ್ಲಾದ ನಡುವೆಯೇ ದೇವರಾಜ ಮಾರುಕಟ್ಟೆ ಇದೆ. ಬಾಳೆದಿಂಡು, ಸೊಪ್ಪು, ಬಾಡಿದ ಹೂವು ಅಲ್ಲಿ ದಿನವೂ ರಾಶಿ ಬೀಳುತ್ತವೆ. ಇವು ಕಸದ ಗುಡ್ಡೆಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು. ಗೊಬ್ಬರವಾದರೆ ಮಣ್ಣಿಗೆ ಸೇರುತ್ತದೆ. ಮನೆಯ ಹಸಿಕಸಕ್ಕೆ ಎರಡರಷ್ಟು ಒಣಎಲೆ ಸೇರಿಸಿ, ತೂತಿರುವ ಮಡಕೆಯಲ್ಲಿ ಹಾಕಿ, ವಾರಕ್ಕೊಮ್ಮೆ ತಿರುವಿದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ. ಬೀದಿಯ ದೊಡ್ಡ ಮರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2025ರಲ್ಲಿ ಹೈದರಾಲಿ ರಸ್ತೆಯಲ್ಲಿ ನಲವತ್ತು ಮರಗಳನ್ನು ಕಡಿದು ಉರುಳಿಸಿದ ಮೇಲೆ ನಗರ ಎದ್ದು ಕೇಳಿತು. ಕಡಿಯುವ ಪ್ರಸ್ತಾವ ಕಿವಿಗೆ ಬಿದ್ದ ದಿನವೇ ವೃಕ್ಷಾಧಿಕಾರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು.

ಕೊನೆಯ ಹೆಜ್ಜೆ: ಕ್ರೆಡಿಟ್ ಒಪ್ಪಂದ

2030ರೊಳಗೆ ಕಾಡು ಮತ್ತು ಮರಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಡೈಆಕ್ಸೈಡ್ ಹೀರುವ ಸಾಮರ್ಥ್ಯ ಬೆಳೆಸುವುದಾಗಿ ಪ್ಯಾರಿಸ್ ಒಪ್ಪಂದದಡಿ ಭಾರತ ಮಾತು ಕೊಟ್ಟಿದೆ. ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಅಧಿಸೂಚನೆ ಬಂದದ್ದು 2023ರ ಜೂನ್‌ನಲ್ಲಿ. ಕೃಷಿಯಲ್ಲಿ ಸ್ವಯಂಪ್ರೇರಿತ ಇಂಗಾಲ ಮಾರುಕಟ್ಟೆಗೆ ಕೇಂದ್ರ ಕೃಷಿ ಸಚಿವಾಲಯ ಚೌಕಟ್ಟು ಪ್ರಕಟಿಸಿದ್ದು 2024ರ ಜನವರಿಯಲ್ಲಿ. ಒಂದೆರಡು ಎಕರೆಯವರು ಒಬ್ಬೊಬ್ಬರೇ ಇದರಲ್ಲಿ ಸೇರಲಾಗುವುದಿಲ್ಲ. ನೂರಾರು ರೈತರನ್ನು ಕೂಡಿಸುವ ಸಂಸ್ಥೆ ನಡುವೆ ಬೇಕೇ ಬೇಕು.

ಲೆಕ್ಕ ಹಾಕಿ ನೋಡಿ. ಎಕರೆಯಲ್ಲಿ 100 ಮರ ಉಳಿದು, ಹದಿನೈದು ವರ್ಷದಲ್ಲಿ ಒಂದೊಂದೂ 1 ಮೀಟರ್ ಸುತ್ತಳತೆಗೆ ಬಂದರೆ 100 ಟನ್. ಟನ್ನಿಗೆ 1,000 ರೂಪಾಯಿ ಎಂದು ಇಟ್ಟುಕೊಂಡರೂ ಹದಿನೈದು ವರ್ಷಕ್ಕೆ 1 ಲಕ್ಷ. ಅದರಲ್ಲೇ ಅಳತೆಯ ಖರ್ಚು, ಪರಿಶೀಲಕರ ಶುಲ್ಕ, ಸಂಸ್ಥೆಯ ಪಾಲು ಹೋಗಬೇಕು. ನಾಟಾ ಬೆಲೆಯ ಮುಂದೆ ಇದು ಸಣ್ಣ ಮೊತ್ತ. ಈಗಾಗಲೇ ನಿಂತಿರುವ ಹಳೆಯ ಮರಗಳಿಗೆ ಕ್ರೆಡಿಟ್ ಸಿಗುವುದಿಲ್ಲ, ಹೊಸದಾಗಿ ಸೇರಿದ ಇಂಗಾಲಕ್ಕೆ ಮಾತ್ರ.

ಸಹಿ ಹಾಕುವ ಮೊದಲು ಇಷ್ಟನ್ನು ಕೇಳಿ. ಯಾವ ನೋಂದಣಿ ವ್ಯವಸ್ಥೆಯಡಿ ಯೋಜನೆ ಇದೆ, ಅದರ ನೋಂದಣಿ ಸಂಖ್ಯೆ ಏನು? ಒಪ್ಪಂದ ಎಷ್ಟು ವರ್ಷದ್ದು? ನಡುವೆ ಜಮೀನು ಮಾರಿದರೆ, ಭಾಗವಾದರೆ ಏನು? ಮದುವೆಗೋ ಆಸ್ಪತ್ರೆಗೋ ದುಡ್ಡು ಬೇಕಾಗಿ ಮರ ಕಡಿದರೆ ದಂಡವೇ? ಕ್ರೆಡಿಟ್ ಮಾರಿದ ಬೆಲೆ ನನಗೆ ತೋರಿಸುತ್ತೀರಾ, ಅದರಲ್ಲಿ ನನ್ನ ಪಾಲು ಶೇಕಡ ಎಷ್ಟು? ಇದಕ್ಕೆಲ್ಲ ಉತ್ತರ ಕನ್ನಡದಲ್ಲಿ, ಕಾಗದದ ಮೇಲೆ ಸಿಗಬೇಕು. ನೋಂದಣಿ ಶುಲ್ಕವೆಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಜಮೀನಿನ ಮೂಲ ದಾಖಲೆಯನ್ನು ಯಾರ ಕೈಗೂ ಒಪ್ಪಿಸಬೇಡಿ. ಕರಾರಿನ ಪ್ರತಿಯನ್ನು ಪರಿಚಯದ ವಕೀಲರಿಗೆ ತೋರಿಸಿ, ಮನೆಯವರೆಲ್ಲ ಓದಿದ ಮೇಲಷ್ಟೇ ಸಹಿ ಹಾಕಿ.