ತೊಳೆಯುವ ಖರ್ಚು, ಅಳಿಸುವ ಖರ್ಚು

ಐಗಳಿಯ ನಮ್ಮ ಗೊಬ್ಬರ-ಔಷಧಿ ಅಂಗಡಿಯ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಕೂರಿಸಲು ₹37,850 ಖರ್ಚು ಮಾಡಿದೆ. ಖಾತೆಯಿಂದ ಒಂದು ರೂಪಾಯಿಯೂ ಹೋಗಿರಲಿಲ್ಲ. ‘ಏನೂ ಹೋಗಿಲ್ಲಂದ ಮ್ಯಾಲ ಇಷ್ಟ್ಯಾಕ ಸುರದ್ರಿ?’ ಎಂದು ಮನೆಯವರೂ ಕೇಳಿದರು, ಗಿರಾಕಿಗಳೂ ಕೇಳಿದರು. ಉತ್ತರ ಲೆಕ್ಕದಲ್ಲಿದೆ.

ಅಕ್ಟೋಬರ್ ಚಾಟಣಿ (ಬಳ್ಳಿ ಸವರುವ ಕೆಲಸ) ಮುಗಿದು ದ್ರಾಕ್ಷಿ ಔಷಧಿಯ ವ್ಯಾಪಾರ ಜೋರಿದ್ದ ಹೊತ್ತು. ರಾತ್ರಿ ಅಂಗಡಿಯ ಮೊಬೈಲಿಗೆ ಬ್ಯಾಂಕಿನಿಂದ ಒಟಿಪಿ ಬಂತು. ನೆಟ್‌ಬ್ಯಾಂಕಿಂಗ್‌ನಲ್ಲಿ ಹಣ ಕಳಿಸಲು ಹೊಸ ಖಾತೆಯೊಂದನ್ನು ಸೇರಿಸುವ ಒಟಿಪಿ. ಅಂಗಡಿಗೆ ಬೀಗ ಬಿದ್ದಿತ್ತು. ಇಂಥ ಒಟಿಪಿ ಬಂದರೆ ‘ಸದ್ಯ, ನಾವು ಯಾರಿಗೂ ಹೇಳಲಿಲ್ಲ’ ಎಂದು ಸಮಾಧಾನಪಟ್ಟು ಮಲಗುವವರೇ ಹೆಚ್ಚು. ಆದರೆ ಅದು ಬಂತೆಂದರೆ ಯೂಸರ್ ಐಡಿ, ಪಾಸ್‌ವರ್ಡ್ ಎರಡನ್ನೂ ಯಾರೋ ಸರಿಯಾಗಿ ಹೊಡೆದು ಆಗಲೇ ಒಳಗೆ ಕೂತಿದ್ದಾರೆ. ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ನೆಟ್‌ಬ್ಯಾಂಕಿಂಗ್ ಬಂದ್ ಮಾಡಿಸಿದೆ.

ಬೆಳಿಗ್ಗೆ ಇಂಟರ್ನೆಟ್ ವೈರು ಕಿತ್ತು ಕಂಪ್ಯೂಟರ್ ತೆರೆದೆ. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂದು ಜಿಪ್ ಫೈಲು. ಬಿಚ್ಚುವ ಪಾಸ್‌ವರ್ಡ್ ಅದರ ಹೆಸರಿನಲ್ಲೇ ಇತ್ತು: 1234. ಒಳಗೆ ನಾಲ್ಕು ಸಾಲಿನ ಸೂಚನೆ. ಮೊದಲು ಆ್ಯಂಟಿವೈರಸ್ ಆಫ್ ಮಾಡಿ, ಆಮೇಲೆ ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿ. ಬಿಲ್ ಮಾಡುವ ಸಾಫ್ಟ್‌ವೇರಿನ ಪುಕ್ಕಟೆ ‘ಕ್ರ್ಯಾಕ್’ ಅದು. ತಮ್ಮನ ಮಗ ಇಳಿಸಿಕೊಂಡಿದ್ದ. ಆ ಪಾಸ್‌ವರ್ಡ್ ಇದ್ದದ್ದು ಯಾರಿಂದಲೋ ಫೈಲು ಕಾಪಾಡಲಿಕ್ಕಲ್ಲ, ಆ್ಯಂಟಿವೈರಸ್ ಒಳಗೆ ಇಣುಕದಿರಲಿ ಎಂದು. ಸೂಚನೆ ಪಾಲಿಸಿದ ಮೇಲೆ ಸಾಫ್ಟ್‌ವೇರ್ ಓಡಿತು, ಬಿಲ್ಲೂ ಬಂತು. ಅದರ ಹಿಂದೆಯೇ ಸ್ಪೈವೇರ್ ಕೂತಿತು. ಈ ಜಾತಿಯದು ಬ್ರೌಸರಿನಲ್ಲಿ ನಾವು ಸೇವ್ ಮಾಡಿಟ್ಟ ಪಾಸ್‌ವರ್ಡುಗಳನ್ನೂ ಲಾಗಿನ್ ಕುಕೀಗಳನ್ನೂ ಒಂದೇ ಏಟಿಗೆ ಗೋರಿ ಕಳಿಸಿಬಿಡುತ್ತದೆ. ಕೆಲವು ನಾವು ಒತ್ತುವ ಕೀಗಳನ್ನೂ ಬರೆದುಕೊಳ್ಳುತ್ತವೆ.

ಬೇರೆ ದಾರಿಗಳೂ ಇವೆ. ‘ಜಿಎಸ್‌ಟಿ ನೋಟಿಸ್’ ಎಂಬ ಹೆಸರಿನಲ್ಲಿ, ಪಿಡಿಎಫ್ ಚಿತ್ರ ಹೊತ್ತು ಇಮೇಲಿಗೆ ಬರುವ ಇಎಕ್ಸ್‌ಇ ಫೈಲು. ಬೇಡದ ಟೂಲ್‌ಬಾರ್ ಜೋಡಿಸಿಕೊಂಡು ಬರುವ ಉಚಿತ ಪ್ರೋಗ್ರಾಂ. ಝೆರಾಕ್ಸ್ ಅಂಗಡಿ ಸುತ್ತಿ ಬಂದ ಪೆನ್‌ಡ್ರೈವ್. ಈಚೆಗೆ ಇನ್ನೊಂದು ಚಲಾವಣೆಯಲ್ಲಿದೆ: ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ವಿಂಡೋಸ್ ಕೀ ಜೊತೆ ಆರ್ ಒತ್ತಿ, ಕಂಟ್ರೋಲ್-ವಿ ಹೊಡೆದು ಎಂಟರ್ ಮಾಡಿ’ ಎನ್ನುವ ಪುಟ. ಹಾಗೆ ಮಾಡಿದರೆ ಕಳ್ಳನ ಆದೇಶವನ್ನು ನಿಮ್ಮ ಕೈಯಿಂದಲೇ ಓಡಿಸಿದ ಹಾಗೆ.

ದೊಡ್ಡವರನ್ನೂ ಇದು ಬಿಟ್ಟಿಲ್ಲ. 2025ರ ಜುಲೈ 19ರಂದು ಕ್ರಿಪ್ಟೊ ವಿನಿಮಯ ಕಂಪನಿ ಕಾಯಿನ್‌ಡಿಸಿಎಕ್ಸ್ ಸುಮಾರು 4.4 ಕೋಟಿ ಡಾಲರ್, ಅಂದರೆ ₹379 ಕೋಟಿಯಷ್ಟು ಕಳೆದುಕೊಂಡಿತು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ನೌಕರನೊಬ್ಬ ಹೊರಗಿನ ಅರೆಕಾಲಿಕ ಕೆಲಸ ಮಾಡುತ್ತಿದ್ದ, ಆ ಕೆಲಸದ ಹೆಸರಿನಲ್ಲಿ ಬಂದ ಫೈಲಿನಿಂದಲೇ ಕಳ್ಳರು ಒಳಹೊಕ್ಕರು ಎಂಬುದು ಬೆಂಗಳೂರು ಪೊಲೀಸರ ತನಿಖೆಯ ಎಳೆ. ಕಂಪನಿ ನಷ್ಟವನ್ನು ತನ್ನ ಬೊಕ್ಕಸದಿಂದ ತುಂಬಿಕೊಂಡಿತು. ಐಗಳಿಯ ಅಂಗಡಿಗೆ ಅಂಥ ಬೊಕ್ಕಸವಿಲ್ಲ.

ಕಂಪ್ಯೂಟರ್ ಹೊತ್ತು ಅಥಣಿಗೆ ಹೋದೆ. ರಿಪೇರಿ ಅಂಗಡಿಯ ಹುಡುಗ ನಕ್ಕ. ‘ಫಾರ್ಮ್ಯಾಟ್ ಯಾಕ್ರೀ ಸಾವಕಾರ್ರ? ಸಾವಿರದ ಐದನೂರು ಕೊಡ್ರಿ, ಕ್ಲೀನ್ ಮಾಡಿ ಕೊಡ್ತೀನಿ. ಮ್ಯಾಲ ಮೂರು ವರ್ಷದ ಪ್ಯಾಕ್ ಹಾಕಿಬಿಟ್ರ ಮುಂದ ನೋಡೂದ ಬ್ಯಾಡ.’ ಪ್ಯಾಕಿಗೆ ₹4,200. ಅದು ಆ್ಯಂಟಿವೈರಸ್ ಕೂಡ ಅಲ್ಲ, ‘ಪಿಸಿ ಕ್ಲೀನರ್’.

ಈ ಕ್ಲೀನರ್ ಜಾತಿಯ ಸರಕಿನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಹಾಕಿದ ತಕ್ಷಣ ‘1,146 ದೋಷ ಪತ್ತೆ’ ಎಂದು ಕೆಂಪು ಅಕ್ಷರದಲ್ಲಿ ಹೆದರಿಸುತ್ತದೆ. ಒಳಗೆ ನೋಡಿದರೆ ಬಹುಪಾಲು ಬ್ರೌಸರಿನ ತಾತ್ಕಾಲಿಕ ಫೈಲುಗಳು, ಹಳೆ ಶಾರ್ಟ್‌ಕಟ್‌ಗಳು. ಕಸವನ್ನೇ ಕಳ್ಳ ಎಂದು ಕೂಗಿ ಬೀಗ ಮಾರುವ ವ್ಯಾಪಾರ ಇದು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಪುಕ್ಕಟೆ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲೂ ವೈರಸ್ ತೆಗೆಯುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಹಾಗಿದ್ದಮೇಲೆ ಆ ₹4,200 ಯಾತಕ್ಕೆ?

ಈಗ ಲೆಕ್ಕ. ನಾನು ಖರ್ಚು ಮಾಡಿದ್ದು ಹೀಗೆ: ಕೂರಿಸಿಕೊಟ್ಟ ಕೂಲಿ ₹800, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ₹4,500, ಕಾಗದದ ಪ್ರತಿ ನೋಡಿ ಬಿಲ್ಲುಗಳನ್ನು ಮತ್ತೆ ಏರಿಸಿದ ಹುಡುಗಿಗೆ ₹6,000, ಅಸಲಿ ಸಾಫ್ಟ್‌ವೇರ್ ಲೈಸೆನ್ಸ್ ₹22,500, ಅದರ ಮೇಲೆ 18% ಜಿಎಸ್‌ಟಿ ₹4,050. ಒಟ್ಟು ₹37,850.

ಇದರಲ್ಲಿ ಲೈಸೆನ್ಸಿನ ₹26,550 ಅಳಿಸಿದ ಖರ್ಚಲ್ಲ. ಆ ಹುಡುಗ ಹೇಳಿದಂತೆ ಬರೀ ತೊಳೆಸಿದ್ದರೂ ಅದನ್ನು ಕೊಳ್ಳಲೇಬೇಕಿತ್ತು, ಇಲ್ಲವಾದರೆ ಅದೇ ಕ್ರ್ಯಾಕು ಮತ್ತೆ ಬಂದು ಕೂರುತ್ತಿತ್ತು. ಅದರೊಳಗಿನ ₹4,050 ಇನ್‌ಪುಟ್ ಕ್ರೆಡಿಟ್ಟಿನಲ್ಲಿ ವಾಪಸ್ ಬರುತ್ತದೆ. ಅಲ್ಲಿಗೆ ಅಳಿಸಲು ತಗುಲಿದ ನಿಜವಾದ ಖರ್ಚು ₹11,300. ತೊಳೆಸಿದ್ದರೆ ಕೂಲಿ, ಪ್ಯಾಕು ಸೇರಿ ₹5,700. ವ್ಯತ್ಯಾಸ ₹5,600.

ಇನ್ನೊಂದು ತಕ್ಕಡಿಗೆ ಬನ್ನಿ. ನಮ್ಮದು ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆ, ಮಿತಿ ₹10 ಲಕ್ಷ. ಆ ರಾತ್ರಿ ಎತ್ತಲು ಬಾಕಿ ಇದ್ದದ್ದು ₹8 ಲಕ್ಷ. ಎಂಟು ಲಕ್ಷವನ್ನು 5,600ರಿಂದ ಭಾಗಿಸಿದರೆ ಹತ್ತಿರಹತ್ತಿರ 143. ಹೀಗೆ ತೊಳೆದ 143 ಕಂಪ್ಯೂಟರಿನಲ್ಲಿ ಒಂದರಲ್ಲಿ ಕಳ್ಳ ಉಳಿದುಕೊಂಡು ಖಾತೆ ಬಳಿದರೂ ತೊಳೆದದ್ದಕ್ಕೂ ಅಳಿಸಿದ್ದಕ್ಕೂ ಲೆಕ್ಕ ಸರಿಸಮ. ಅದಕ್ಕಿಂತ ಹೆಚ್ಚು ಉಳಿದರೆ ಅಳಿಸಿದ್ದೇ ಅಗ್ಗ. 143ರಲ್ಲಿ 142ನ್ನು ಚೊಕ್ಕ ಮಾಡುತ್ತೇನೆಂದು ಬರೆದುಕೊಡುವ ರಿಪೇರಿಯವರನ್ನು ನಾನಂತೂ ಕಂಡಿಲ್ಲ.

ಸಿಸಿ ಖಾತೆಗೆ ಮತ್ತೊಂದು ಉಪದ್ರವ ಇದೆ. ಉಳಿತಾಯ ಖಾತೆಯಿಂದ ಹೋದರೆ ಹೋಗುವುದು ನಮ್ಮ ಹಣ. ಸಿಸಿಯಿಂದ ಹೋದರೆ ಹೋಗುವುದು ಸಾಲ. ಕದ್ದವನು ಎತ್ತಿದ ₹8 ಲಕ್ಷಕ್ಕೆ 11%ರಂತೆ ಬಡ್ಡಿ ನಮ್ಮ ತಲೆಗೆ: ವರ್ಷಕ್ಕೆ ₹88,000, ತಿಂಗಳಿಗೆ ₹7,333. ₹5,600 ಉಳಿಸಲು ಹೋಗಿದ್ದರೆ ಮೊದಲ ತಿಂಗಳ ಬಡ್ಡಿಯೇ ಅದನ್ನು ನುಂಗಿ ಮೇಲೆ ₹1,733 ಕೇಳುತ್ತಿತ್ತು.

‘ಬ್ಯಾಂಕಿನವರು ತುಂಬಿಕೊಡ್ತಾರಲ್ರೀ’ ಎನ್ನುವವರು 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ಪೂರ್ತಿ ಓದಬೇಕು. ಸಹಕಾರಿ ಬ್ಯಾಂಕುಗಳಿಗೆ ಇಂಥದ್ದೇ ಆದೇಶ ಅದೇ ವರ್ಷ ಡಿಸೆಂಬರ್ 14ರಂದು ಬಂತು. ಆ ಸುತ್ತೋಲೆಯ ಪ್ರಕಾರ ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ ಮೂರು ಕೆಲಸದ ದಿನದೊಳಗೆ ದೂರಿದವರಿಗೆ ನಷ್ಟವಿಲ್ಲ. ನಾಲ್ಕರಿಂದ ಏಳನೇ ದಿನದೊಳಗಾದರೆ ನಮ್ಮಂಥ ಸಣ್ಣ ಉದ್ದಿಮೆಯ ಸಿಸಿ ಖಾತೆಗೆ ಗರಿಷ್ಠ ಹೊರೆ ₹10,000. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿದ ನಿಯಮವೇ ಗತಿ. ಗ್ರಾಹಕನ ನಿರ್ಲಕ್ಷ್ಯದಿಂದ ಹೋದ ಹಣವಾದರೆ ದೂರು ಕೊಡುವವರೆಗಿನ ನಷ್ಟವೆಲ್ಲ ಗ್ರಾಹಕನದೇ. ಸಾಬೀತು ಮಾಡುವ ಹೊಣೆ ಬ್ಯಾಂಕಿನದು, ನಿಜ. ಆದರೆ ಆ್ಯಂಟಿವೈರಸ್ ಆಫ್ ಮಾಡಿ ಹಾಕಿದ ಕ್ರ್ಯಾಕು ನಮ್ಮ ಕಂಪ್ಯೂಟರಿನಲ್ಲೇ ಕೂತಿರುವಾಗ ಅವರಿಗೆ ಬೇರೆ ಪುರಾವೆ ಏಕೆ ಬೇಕು?

ಇನ್ನು ತೆಗೆಯುವ ಬಗೆ. ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಮುಖ್ಯ. ಮೊದಲು ಇಂಟರ್ನೆಟ್ ಕಿತ್ತುಹಾಕಿ. ಎರಡನೆಯದು ಬ್ಯಾಂಕಿಗೆ ಫೋನು. ಹಣ ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930. ಮೂರನೆಯದು ಪಾಸ್‌ವರ್ಡ್ ಬದಲಾವಣೆ, ಅದೂ ಸೋಂಕಿಲ್ಲದ ಬೇರೆ ಫೋನಿನಿಂದ. ಕೆಟ್ಟ ಕಂಪ್ಯೂಟರಿನಲ್ಲೇ ಕೂತು ಹೊಸ ಪಾಸ್‌ವರ್ಡ್ ಹೊಡೆದರೆ ಅದೂ ಕಳ್ಳನ ಕೈಗೆ. ಇಮೇಲಿನಿಂದ ಶುರು ಮಾಡಿ, ಎಲ್ಲ ಸಾಧನಗಳಿಂದಲೂ ಸೈನ್ ಔಟ್ ಆಗಿ. ಇಲ್ಲವಾದರೆ ಕದ್ದ ಕುಕೀ ಇಟ್ಟುಕೊಂಡವನು ಪಾಸ್‌ವರ್ಡಿಲ್ಲದೆಯೇ ಒಳಗಿರುತ್ತಾನೆ.

ಆಮೇಲೆ ಬಿಲ್ಲು, ಫೋಟೊ, ಎಕ್ಸೆಲ್ ಕಡತಗಳನ್ನಷ್ಟೇ ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ. ಪ್ರೋಗ್ರಾಂ ಫೈಲು ಒಂದನ್ನೂ ತರಬೇಡಿ. ಬರೀ ಜಾಹೀರಾತು ತೋರಿಸುವ ಟೂಲ್‌ಬಾರಿನಂಥ ಸಣ್ಣ ಕಾಟವಾದರೆ ಅನುಮಾನದ ಎಕ್ಸ್‌ಟೆನ್ಶನ್ ತೆಗೆದು, ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಓಡಿಸಿದರೆ ಸಾಕಾಗಬಹುದು. ವಿಂಡೋಸ್ ಏಳುವ ಮುಂಚೆಯೇ ಹುಡುಕುವುದರಿಂದ ಅಡಗಿದ್ದು ಸಿಗುವ ಸಂಭವ ಹೆಚ್ಚು. ಪಾಸ್‌ವರ್ಡ್ ಕದ್ದ ಸ್ಪೈವೇರಿಗೆ ಅಷ್ಟು ಸಾಲದು. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ತಾಣದಿಂದ ವಿಂಡೋಸ್ ಇಳಿಸಿ ಪೆನ್‌ಡ್ರೈವ್ ಮಾಡಿಕೊಂಡು, ಡಿಸ್ಕಿನ ಭಾಗಗಳನ್ನೆಲ್ಲ ಅಳಿಸಿ ಕೂರಿಸಬೇಕು. ದ್ರಾಕ್ಷಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಗೊನೆಯ ಮೇಲೆ ಕಂಡ ಹಿಟ್ಟು ತಿಗಣೆಗೆ ಎಷ್ಟು ಔಷಧಿ ಹೊಡೆದರೂ ಕಾಂಡದ ಸಡಿಲ ತೊಗಟೆ ಸುಲಿಯದೆ ಅದು ಹೋಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೇಗೂ ಅಳಿಸುತ್ತೀರಿ, ಯಂತ್ರ ತಾಳುವುದಾದರೆ 11ನ್ನೇ ಹಾಕಿ.

ಕೊನೆಗೆ ನಮ್ಮ ಚಾಳಿಯ ಮಾತು. ಮಣೂಕ (ಒಣದ್ರಾಕ್ಷಿ) ಮಾರಿದ ದುಡ್ಡು ಬರುವ ಖಾತೆ ತೆರೆಯುವ ಕಂಪ್ಯೂಟರಿನಲ್ಲೇ ಹುಡುಗರು ಸಿನಿಮಾ ಇಳಿಸುತ್ತಾರೆ. ಪಾಸ್‌ವರ್ಡ್ ಬ್ರೌಸರಿನಲ್ಲಿ ಸೇವ್, ಮೇಲೊಂದು ಪ್ರತಿ ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ. ಔಷಧಿ ಕೊಳ್ಳುವಾಗ ಹತ್ತು ಅಂಗಡಿ ತಿರುಗಿ ಚೌಕಾಸಿ ಮಾಡುವವರು ಪುಕ್ಕಟೆ ಸಿಕ್ಕ ಫೈಲನ್ನು ಒಮ್ಮೆಯೂ ಅನುಮಾನಿಸುವುದಿಲ್ಲ. ಬ್ಯಾಂಕ್ ಕೆಲಸಕ್ಕೆ ಬೇರೆ ಯೂಸರ್ ಖಾತೆ ಮಾಡಿ, ಅದಕ್ಕೆ ಅಡ್ಮಿನ್ ಅಧಿಕಾರ ಕೊಡಬೇಡಿ. ಫೈಲಿನ ಹೆಸರಿನ ಬಾಲ (ಇಎಕ್ಸ್‌ಇ, ಪಿಡಿಎಫ್) ಕಾಣುವಂತೆ ಮಾಡಿ. ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಡಿಸ್ಕನ್ನು ಬಿಚ್ಚಿಡಿ. ನಮ್ಮ ಅಂಗಡಿಯಲ್ಲಿ ಅದೊಂದಿದ್ದರೆ ₹6,000 ಉಳಿಯುತ್ತಿತ್ತು. ಆರ್‌ಟಿಜಿಎಸ್, ನೆಫ್ಟ್ ಮಾಡುವಾಗ ಖಾತೆದಾರನ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಆ ಹೆಸರು ಓದದೆ ಹಣ ಕಳಿಸಬೇಡಿ.

ನಿಮ್ಮ ಲೆಕ್ಕವನ್ನು ನೀವೇ ಹಾಕಿ. ನೆಟ್‌ಬ್ಯಾಂಕಿಂಗ್‌ನಲ್ಲಿ ಒಂದೇ ದಿನ ಎಷ್ಟು ಎತ್ತಲು ಬರುತ್ತದೋ ಆ ಮೊತ್ತವನ್ನು, ಅಳಿಸುವ ಖರ್ಚಿಗೂ ತೊಳೆಸುವ ಖರ್ಚಿಗೂ ಇರುವ ವ್ಯತ್ಯಾಸದಿಂದ ಭಾಗಿಸಿ. ಬಂದ ಸಂಖ್ಯೆ ಐವತ್ತು ದಾಟಿದರೆ ರಿಪೇರಿಯವನ ಜೊತೆ ವಾದ ಬೇಡ, ಅಳಿಸಿಬಿಡಿ. ಐವತ್ತರೊಳಗೇ ಬಂದರೆ ಅಳಿಸಬೇಕೋ ಬೇಡವೋ ಎಂದು ಯೋಚಿಸಿ. ದಿನದ ಮಿತಿಯನ್ನಂತೂ ಇವತ್ತೇ ಇಳಿಸಿ, ಅದಕ್ಕೆ ಖರ್ಚಿಲ್ಲ.