ಸಂಬಳ ಗೆರೆ ದಾಟಿದ ಮೇಲೆ

ಕಿವಿ ಪರೀಕ್ಷೆಯ ಕೋಣೆ ತೀರಾ ಚಿಕ್ಕದು. ಗೋಡೆಗೆಲ್ಲ ಸ್ಪಂಜು ಹೊದಿಸಿದ್ದರು. ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, "ಎಷ್ಟು ಸಣ್ಣಗೆ ಕೇಳಿಸಿದರೂ ಒತ್ತಿ" ಎಂದಳು ಆ ಹುಡುಗಿ. ಮೊದಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಗಾಜಿನಾಚೆ ಅವಳ ಬೆರಳು ಯಂತ್ರದ ಮೇಲೆ ಆಡುತ್ತಲೇ ಇತ್ತು. ಶಬ್ದ ಬರುತ್ತಿದೆ, ನನಗೆ ಮುಟ್ಟುತ್ತಿಲ್ಲ ಎಂದು ಅದನ್ನು ನೋಡಿಯೇ ಗೊತ್ತಾಯಿತು. ಹೊರಗೆ ಬಂದಾಗ ಡಾಕ್ಟರು ಗ್ರಾಫ್ ತೋರಿಸಿದರು. ಎರಡೂ ಕಿವಿಯ ಗೆರೆ ಒಂದಷ್ಟು ದೂರ ಸಮನಾಗಿ ಬಂದು, 4,000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಂತೆ ಕುಸಿದು, ಮತ್ತೆ ಸ್ವಲ್ಪ ಮೇಲೆದ್ದಿತ್ತು.

"ಇದು ವಯಸ್ಸಿಗೆ ಬರುವ ಕಿವುಡಲ್ಲ, ಶಬ್ದದಿಂದ ಬಂದದ್ದು. ಏನು ಕೆಲಸ?"

ಪೀಣ್ಯದಲ್ಲಿ ಪ್ರೆಸ್ ಶಾಪ್, 21 ವರ್ಷ ಎಂದೆ.

"ಇಎಸ್‌ಐ ಇದೆಯಾ?"

"ಇತ್ತು. 2019ಕ್ಕೆ ಹೋಯಿತು. ಈಗ ಕಂಪನಿಯಿಂದ ಮೂರು ಲಕ್ಷದ ಪಾಲಿಸಿ ಇದೆ."

"ಇದಕ್ಕೆ ಅದು ಬರೋದಿಲ್ಲ," ಎಂದು ಅವರು ಚೀಟಿಯಲ್ಲಿ ಹಿಯರಿಂಗ್ ಏಡ್ ಬರೆದುಕೊಟ್ಟರು.

ಆ ಚೀಟಿ ಹಿಡಿದು ಬಸ್‌ಸ್ಟಾಪಿನಲ್ಲಿ ನಿಂತಾಗ 2018ರ ನವೆಂಬರ್ ನೆನಪಾಯಿತು. ಅಲ್ಲಿಯವರೆಗೆ ನಾನು ಆಪರೇಟರ್, ಸಂಬಳ 20,800. ಸೂಪರ್‌ವೈಸರ್ ಮಾಡುತ್ತೇವೆ, 22,500 ಕೊಡುತ್ತೇವೆ ಎಂದರು. 21,000 ದಾಟಿದರೆ ಇಎಸ್‌ಐ ಇರುವುದಿಲ್ಲ, ಬದಲಿಗೆ ಗ್ರೂಪ್ ಇನ್ಶೂರೆನ್ಸ್ ಬರುತ್ತದೆ, ಯೋಚಿಸಿ ಹೇಳು ಎಂದೂ ಹೇಳಿದರು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ತಿಂಗಳಿಗೆ ಕಡಿತವಾಗುತ್ತಿದ್ದ 364 ರೂಪಾಯಿ ಉಳಿಯಿತು, ಡಿಸ್ಪೆನ್ಸರಿಯ ಸಾಲು ತಪ್ಪಿತು, ಇನ್ನು ಪ್ಲಾಸ್ಟಿಕ್ ಕಾರ್ಡ್ ತೋರಿಸಿ ಒಳ್ಳೆಯ ಆಸ್ಪತ್ರೆಗೆ ಹೋಗಬಹುದು ಎಂಬುದಷ್ಟೇ ತಲೆಯಲ್ಲಿತ್ತು. ನನ್ನ 364ರ ಜೊತೆಗೆ ಮಾಲೀಕರು ತಮ್ಮ ಪಾಲಿನ 988 ರೂಪಾಯಿ ತಿಂಗಳು ತಿಂಗಳೂ ನನ್ನ ಹೆಸರಿಗೆ ಕಟ್ಟುತ್ತಿದ್ದರು. ಆ ಹಣ ಯಾವುದಕ್ಕೆ ಎಂದು ಹದಿನೈದು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಕೇಳಬೇಕಿತ್ತು, ಏಕೆಂದರೆ ಉತ್ತರ ನನ್ನ ಪಕ್ಕದ ಮಷೀನಿನಲ್ಲೇ ಇತ್ತು. 2014ರಲ್ಲಿ ನನ್ನ ಜೊತೆಗಾರನ ಬಲಗೈ ತೋರುಬೆರಳು ಪವರ್ ಪ್ರೆಸ್ಸಿಗೆ ಸಿಕ್ಕಿ ಬುಡದಿಂದಲೇ ಹೋಯಿತು. ಶೀಟಿನ ಮೇಲೆ ಅವನ ಗ್ಲೌಸು ಹಾಗೇ ಉಳಿದಿತ್ತು. ಅದನ್ನು ಎತ್ತಿಟ್ಟವನು ನಾನು. ಅವನು ನಾಲ್ಕು ತಿಂಗಳು ಮನೆಯಲ್ಲಿದ್ದ. ಅಷ್ಟೂ ದಿನ ಇಎಸ್‌ಐನಿಂದ ಸಂಬಳದ 90 ಪರ್ಸೆಂಟ್ ಅವನ ಖಾತೆಗೆ ಬಂತು. ಆಮೇಲೆ ಮೆಡಿಕಲ್ ಬೋರ್ಡಿನ ಮುಂದೆ ಕರೆದರು. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿ 14 ಪರ್ಸೆಂಟ್ ನಷ್ಟ ಎಂದು ಕಾಯ್ದೆಯ ಪಟ್ಟಿಯಲ್ಲೇ ಇತ್ತು. ಆ ಲೆಕ್ಕದಲ್ಲಿ ತಿಂಗಳ ಪಿಂಚಣಿ ಗೊತ್ತುಮಾಡಿದರು. ದೊಡ್ಡ ಮೊತ್ತವಲ್ಲ, ಆದರೆ ಇವತ್ತಿಗೂ ಬರುತ್ತಿದೆ, ಅವನು ಬದುಕಿರುವವರೆಗೂ ಬರುತ್ತದೆ. ಇದನ್ನೆಲ್ಲ ಕಣ್ಣಾರೆ ಕಂಡವನು ನಾನು. ಆದರೂ ಇಎಸ್‌ಐ ಎಂದರೆ ನನ್ನ ಮನಸ್ಸಿಗೆ ಬರುತ್ತಿದ್ದದ್ದು ಬೆಳಗಿನ ಚೀಟಿ, ಸಾಲು, ಕಾಗದದ ಪೊಟ್ಟಣದ ಮಾತ್ರೆ. ಅದನ್ನು ಆಸ್ಪತ್ರೆ ಎಂದುಕೊಂಡಿದ್ದೆ. ಅದು ನನ್ನ ದುಡಿಮೆಗೆ ಮಾಡಿಸಿದ ವಿಮೆ ಎಂದು ಹೊಳೆಯಲೇ ಇಲ್ಲ.

ಮೊದಲ ಪೆಟ್ಟು ಬಿದ್ದದ್ದು ಅಮ್ಮನಿಗೆ. ಅಮ್ಮನಿಗೆ ಸಕ್ಕರೆ ಕಾಯಿಲೆ. ನನ್ನನ್ನೇ ನಂಬಿರುವ ತಾಯಿ ಎಂದು ಅವಳ ಹೆಸರೂ ಇಎಸ್‌ಐ ಕಾರ್ಡಿನಲ್ಲಿತ್ತು, ಮಾತ್ರೆ ಅಲ್ಲಿಂದಲೇ ಬರುತ್ತಿತ್ತು. ಕಂಪನಿಯ ಹೊಸ ಪಾಲಿಸಿಯಲ್ಲಿ ನಾನು, ಹೆಂಡತಿ, ಇಬ್ಬರು ಮಕ್ಕಳು, ಅಷ್ಟೇ. ತಂದೆತಾಯಿಗೆ ಜಾಗವಿರಲಿಲ್ಲ. ಅಮ್ಮನಿಗೆ ಬೇರೆ ಪಾಲಿಸಿ ಮಾಡಿಸಿದೆ, ವರ್ಷಕ್ಕೆ 19 ಸಾವಿರ ಚಿಲ್ಲರೆ. ಕಾಯಿಲೆ ಇದೆ ಎಂದು ಫಾರಂನಲ್ಲಿ ಬರೆಯಬೇಡಿ ಎಂದು ಏಜೆಂಟ್ ಹೇಳಿದ. ಬರೆದೆ. ಅದೊಂದು ವಿಷಯದಲ್ಲಿ ನಾನು ಸರಿಯಾಗಿ ನಡೆದುಕೊಂಡೆ ಎಂಬ ಸಮಾಧಾನ ಈಗಲೂ ಇದೆ. ಮುಚ್ಚಿಟ್ಟಿದ್ದರೆ ಪಾಲಿಸಿಯನ್ನೇ ರದ್ದುಮಾಡುವ ಹಕ್ಕು ಅವರಿಗೆ ಸಿಗುತ್ತಿತ್ತು. ಆದರೆ ಮೊದಲೇ ಇದ್ದ ಕಾಯಿಲೆಗೆ ಆಗ 48 ತಿಂಗಳು ಕಾಯಬೇಕಿತ್ತು. 2024ರಲ್ಲಿ ಅದನ್ನು ಹೆಚ್ಚೆಂದರೆ 36 ತಿಂಗಳು ಎಂದು ಇಳಿಸಿದ್ದಾರೆ, ನಮಗೆ ಅದು ದಕ್ಕಲಿಲ್ಲ. 2021ರಲ್ಲಿ ಅಮ್ಮನ ಪಾದದ ಹುಣ್ಣು ಕೀವುಗಟ್ಟಿ ಅಡ್ಮಿಟ್ ಮಾಡಿದಾಗ, ಇದು ಸಕ್ಕರೆಯಿಂದ ಆದದ್ದು, ಅವಧಿ ಮುಗಿದಿಲ್ಲ ಎಂದು ಬರೆದುಕೊಟ್ಟರು. 62 ಸಾವಿರ ಬಿಲ್ಲು. ಹೆಂಡತಿಯ ಸರ ಅಡವಿಗೆ ಹೋಯಿತು.

ಖಾಸಗಿ ಪಾಲಿಸಿ ಬರೀ ಮೋಸ ಎಂದು ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಮಗನಿಗೆ ಡೆಂಗಿ ಆಗಿ ಪ್ಲೇಟ್‌ಲೆಟ್ ಇಳಿದ ರಾತ್ರಿ, ಮನೆಯಿಂದ ಹತ್ತು ನಿಮಿಷದ ಆಸ್ಪತ್ರೆಯಲ್ಲಿ ಕಾರ್ಡ್ ಕೊಟ್ಟೆ. ಐದು ದಿನ ಅವನು ಅಲ್ಲಿದ್ದ, ಬಿಡುಗಡೆಯ ದಿನ ನಾನು ಕೊಟ್ಟದ್ದು ಗ್ಲೌಸು, ಸಿರಿಂಜು ಅಂತ ಒಂದೂವರೆ ಸಾವಿರ. ಆ ರಾತ್ರಿ ಯಾವ ರೆಫರಲ್ ಚೀಟಿಗೂ ಓಡಾಡಬೇಕಾಗಲಿಲ್ಲ. ಆ ಉಪಕಾರ ಮರೆಯುವಂಥದ್ದಲ್ಲ.

ಆದರೆ 2022ರಲ್ಲಿ ನನಗೇ ಕಾಮಾಲೆ ಬಂತು. ಅಡ್ಮಿಟ್ ಆಗುವಂಥದ್ದೇನಲ್ಲ, ಆರು ವಾರ ಮಲಗಿರಿ, ಎಣ್ಣೆ ಮುಟ್ಟಬೇಡಿ ಎಂದರು. ಗಂಜಿ, ಮಜ್ಜಿಗೆ, ಬೇಯಿಸಿದ ಹೀರೇಕಾಯಿ. ಹನ್ನೆರಡು ದಿನ ರಜೆ ಇತ್ತು, ಉಳಿದದ್ದು ಲಾಸ್ ಆಫ್ ಪೇ. ಪಾಲಿಸಿ ತೆಗೆದು ನೋಡಿದರೆ, 24 ತಾಸು ಆಸ್ಪತ್ರೆಯಲ್ಲಿ ಇರದವನಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಇಎಸ್‌ಐ ಇದ್ದಿದ್ದರೆ ಡಾಕ್ಟರ ಸರ್ಟಿಫಿಕೇಟ್ ಮೇಲೆ ಸಂಬಳದ 70 ಪರ್ಸೆಂಟ್ ಬರುತ್ತಿತ್ತು, ವರ್ಷಕ್ಕೆ 91 ದಿನದವರೆಗೆ. ಟಿಬಿ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗಳಾದರೆ 80 ಪರ್ಸೆಂಟ್, ಎರಡು ವರ್ಷದವರೆಗೆ. ಆ ಆರು ವಾರ ಗೋಡೆ ನೋಡುತ್ತ ಮಲಗಿದ್ದಾಗ ನನಗೆ ಬುಡ ಸಿಕ್ಕಿತು. ಪಾಲಿಸಿ ನೋಡಿಕೊಳ್ಳುವುದು ಆಸ್ಪತ್ರೆಯ ಬಿಲ್ಲನ್ನು. ನಮ್ಮಂಥವರ ಮನೆ ಕುಸಿಯುವುದು ಬಿಲ್ಲಿನಿಂದ ಎಷ್ಟೋ, ನಿಂತುಹೋದ ಸಂಬಳದಿಂದಲೂ ಅಷ್ಟೇ. ಬಾಡಿಗೆ, ಸ್ಕೂಲ್ ಫೀಸು, ಚೀಟಿ ಹಣ ಯಾವುದೂ ಕಾಮಾಲೆ ವಾಸಿಯಾಗಲಿ ಎಂದು ಕಾಯುವುದಿಲ್ಲ.

ಕಿವಿಯದಂತೂ ಇನ್ನೂ ಬೇರೆ ಕಥೆ. ಕಿವುಡಿಗೆ ಯಾರೂ ಅಡ್ಮಿಟ್ ಆಗುವುದಿಲ್ಲ. ಅದು ಒಂದು ದಿನ ಬರುವುದೂ ಅಲ್ಲ. ಮೊದಲು ಮಕ್ಕಳು "ಟಿವಿ ಸೌಂಡು ಕಮ್ಮಿ ಮಾಡಿ" ಎನ್ನುತ್ತಾರೆ. ಆಮೇಲೆ ಫೋನಿನಲ್ಲಿ ಹೆಣ್ಣುಮಕ್ಕಳ ದನಿ ಅರ್ಥವಾಗುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಮಾತಾಡಿಸಿದರೆ ಸುಮ್ಮನೆ ತಲೆಯಾಡಿಸುವುದು ಅಭ್ಯಾಸವಾಗುತ್ತದೆ. ಶಬ್ದದಿಂದ ಬರುವ ಕಿವುಡು ಇಎಸ್‌ಐ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಔದ್ಯೋಗಿಕ ಕಾಯಿಲೆ ಎಂದೇ ಇತ್ತು, ಸಿಲಿಕೋಸಿಸ್ ಮತ್ತು ಹತ್ತಿ ಧೂಳಿನ ಶ್ವಾಸಕೋಶದ ಕಾಯಿಲೆಯ ಜೊತೆಗೆ. ಹದಿನೈದು ವರ್ಷ ನಾನು ಆ ಕಾಯ್ದೆಯ ನೆರಳಲ್ಲೇ ಇದ್ದೆ. ಆಗ ಒಂದೇ ಒಂದು ಆಡಿಯೋಗ್ರಾಮ್ ಮಾಡಿಸಿದ್ದರೂ ಕೈಯಲ್ಲಿ ಒಂದು ಕಾಗದ ಇರುತ್ತಿತ್ತು. ಕಿವಿ ಯಾವ ವರ್ಷ ಹೋಯಿತು ಎಂದು ಈಗ ನಾನು ಯಾವುದರಿಂದ ತೋರಿಸಲಿ?

ಹೊರಬಂದ ರೀತಿಯೂ ತಪ್ಪು. ನನ್ನ ಸಂಬಳ ಗೆರೆ ದಾಟಿದ್ದು ನವೆಂಬರಿನಲ್ಲಿ. ಆ ವಂತಿಗೆ ಅವಧಿ ಮುಗಿಯುವುದು ಮಾರ್ಚ್ 31ಕ್ಕೆ, ಅಲ್ಲಿಯವರೆಗೆ ಕಡಿತವೂ ಇತ್ತು. ಅಕ್ಟೋಬರಿನಿಂದ ಮಾರ್ಚಿನವರೆಗೆ ಕಟ್ಟಿದ ವಂತಿಗೆಗೆ ಸೌಲಭ್ಯದ ಅವಧಿ ಮುಂದಿನ ಜುಲೈಯಿಂದ ಡಿಸೆಂಬರ್. ಅಂದರೆ 2019ರ ಕೊನೆಯವರೆಗೂ ನನಗೆ ಹಕ್ಕಿತ್ತು. ನಾನು ಏಪ್ರಿಲ್ ಒಂದಕ್ಕೇ ಕಾರ್ಡನ್ನು ಡ್ರಾಯರಿಗೆ ಹಾಕಿ, ಅಮ್ಮನ ಮಾತ್ರೆಗೆ ಮೆಡಿಕಲ್ ಸ್ಟೋರಿಗೆ ಹೋದೆ.

ಕಿವಿಯ ಚೀಟಿ ಹಿಡಿದು ಹಳೆಯ ಯೂನಿಯನ್ ಹಿರಿಯರೊಬ್ಬರ ಹತ್ತಿರ ಹೋದಾಗ ತಿಳಿದದ್ದು ಇದು: ಇಎಸ್‌ಐನಿಂದ ಹೊರಗಿರುವ ಕಾರ್ಮಿಕನ ಹೊಣೆ ಗಾಳಿಗೆ ಹೋಗುವುದಿಲ್ಲ, ಅದು ಮಾಲೀಕರ ಮೇಲೆ ಬರುತ್ತದೆ. ಅವರು ತೋರಿಸಿದ್ದು 1923ರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಅದೂ ಇಎಸ್‌ಐ ಕಾಯ್ದೆಯೂ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ. ಶಬ್ದದ ಕಿವುಡು ಆ ಹಳೆಯ ಕಾಯ್ದೆಯ ಪಟ್ಟಿಯಲ್ಲೂ ಇತ್ತು. ಎಂಟು ತಾಸಿನ ಪಾಳಿಗೆ 90 ಡೆಸಿಬಲ್ ಮೀರಬಾರದು ಎಂಬ ಮಿತಿಯಿದೆ. ನಮ್ಮ ಶಾಪಿನಲ್ಲಿ ಅಳೆದ ದಾಖಲೆ ಕೊಡಿ ಎಂದು ನಾನು ಬರೆದ ಪತ್ರಕ್ಕೆ ಸ್ವೀಕೃತಿಯ ಸೀಲ್ ಬಿದ್ದಿದೆ, ಉತ್ತರ ಬಂದಿಲ್ಲ.

ಮೊನ್ನೆ ಹಾಸನ ಕಡೆಯ ಒಬ್ಬ ಹುಡುಗ, ನನ್ನ ಲೈನಿನ ಆಪರೇಟರ್, ಬಂದು ಕೇಳಿದ. ಅವನ ಸಂಬಳ 20,400. ಮುಂದಿನ ವರ್ಷ 22 ಸಾವಿರ ಮಾಡುತ್ತಾರಂತೆ, ಒಪ್ಪಿಕೊಳ್ಳಲಾ ಅಂದ. ಒಪ್ಪಿಕೋ ಎಂದೆ. ಬಡ್ತಿ ಬಿಡು ಎಂದು ಯಾರಿಗೂ ಹೇಳಬಾರದು. ಆದರೆ ಖಾಸಗಿ ಪಾಲಿಸಿಯನ್ನು ಈಗಲೇ ಮಾಡಿಸು, ಚಿಕ್ಕದಾದರೂ ಸರಿ, ಅಪ್ಪ ಅಮ್ಮನದೂ ಸೇರಿಸಿ. ಕಾಯುವ ತಿಂಗಳುಗಳಲ್ಲಿ ಆದಷ್ಟೂ ಇಎಸ್‌ಐನೊಳಗೆ ಇರುವಾಗಲೇ ಕಳೆದುಹೋಗಲಿ. ಜೊತೆಗೆ ಅಪಘಾತದ ಪಾಲಿಸಿ, ಕೆಲಸಕ್ಕೆ ಹೋಗಲಾಗದ ವಾರಗಳಿಗೆ ಹಣ ಕೊಡುವಂಥದ್ದು. ನನಗೆ ಇದನ್ನು ಯಾರೂ ಹೇಳಲಿಲ್ಲ ಎಂಬ ಕೊರಗು ನನ್ನಲ್ಲಿ ಇದೆ, ಅದಕ್ಕೇ ಅವನಿಗೆ ಸ್ವಲ್ಪ ಜೋರಾಗಿಯೇ ಹೇಳಿದೆ.

ಶನಿವಾರ ಅವನನ್ನು ಕರೆದುಕೊಂಡು ಕಿವಿ ಪರೀಕ್ಷೆಗೆ ಹೋದೆ. ಗಾಜಿನಾಚೆ ಅವನು ಗುಂಡಿ ಒತ್ತುವುದನ್ನು ನೋಡುತ್ತ ಕೂತಿದ್ದೆ, ಒತ್ತುತ್ತಲೇ ಇದ್ದ. ಕಡೆಗೆ ಬಂದ ಗ್ರಾಫಿನಲ್ಲಿ ಬಲಗಿವಿ ನೇರವಾಗಿತ್ತು, ಎಡಗಿವಿಯ ಗೆರೆ 4,000ದ ಹತ್ತಿರ ಚೂರು ತಗ್ಗಿತ್ತು. ವಯಸ್ಸು 27. ಕಾಗದವನ್ನು ಎರಡು ಜೆರಾಕ್ಸ್ ಮಾಡಿಸಿದೆವು. ಸೋಮವಾರ ಅವನು ಒಂದನ್ನು ಡಿಸ್ಪೆನ್ಸರಿಯ ಕೌಂಟರಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ತಾರೀಖಿನ ಸೀಲ್ ಹಾಕಿಸಿಕೊಂಡು ಶಿಫ್ಟಿಗೆ ಬಂದ.