ಶ್ರೀವ್ಯಾಸರಾಜರೂ ಪೂರ್ವಪಕ್ಷದ ಮರ್ಯಾದೆಯೂ

ಫಾಲ್ಗುಣ ಬಹುಳ ಚತುರ್ಥಿಯು ಶ್ರೀವ್ಯಾಸರಾಜಗುರುಸಾರ್ವಭೌಮರ ಆರಾಧನೆಯ ಪುಣ್ಯದಿನ. ಅಂದು ದೇವಾಲಯಗಳಲ್ಲಿಯೂ ಮಠಗಳಲ್ಲಿಯೂ ಪಂಚಾಮೃತಾಭಿಷೇಕ, ಅಲಂಕಾರ, ಹಸ್ತೋದಕ, ತೀರ್ಥಪ್ರಸಾದಗಳು ಯಥಾವಿಧಿಯಾಗಿ ನಡೆಯುತ್ತವೆ. ಕುಹಯೋಗದ ವೇಳೆಯಲ್ಲಿ ಶ್ರೀಗಳವರು ಕೃಷ್ಣದೇವರಾಯನ ಸಿಂಹಾಸನವನ್ನು ಅಲಂಕರಿಸಿದರೆಂಬ ಐತಿಹ್ಯವನ್ನು ಕೇಳದ ಮಾಧ್ವ ಕುಟುಂಬವಿಲ್ಲ. ಆದರೆ ಅವರು ರಚಿಸಿದ 'ನ್ಯಾಯಾಮೃತ'ದಲ್ಲಿ ಏನಿದೆಯೆಂದು ಕೇಳಿದರೆ, "ಅದು ಪಂಡಿತರ ವಿಷಯ" ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಪಂಡಿತರ ವಿಷಯವೆಂಬುದು ನಿಜ. ಆದರೂ ಆ ಗ್ರಂಥದ ಒಂದು ಗುಣ ಗೃಹಸ್ಥರಿಗೂ ಅವರ ಮಕ್ಕಳಿಗೂ ಅತ್ಯವಶ್ಯವಾದುದು. ಅದನ್ನು ಸರಳವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಕಾಲ ಮತ್ತು ಜೀವನ

ಶ್ರೀವ್ಯಾಸರಾಜರ ಕಾಲವು ಸುಮಾರು 1460ರಿಂದ 1539. ಮೈಸೂರಿನ ಸಮೀಪದ ಬನ್ನೂರಿನಲ್ಲಿ ಅವತರಿಸಿದ ಅವರು ಅಬ್ಬೂರಿನ ಶ್ರೀಬ್ರಹ್ಮಣ್ಯತೀರ್ಥರಿಂದ ಸಂನ್ಯಾಸಾಶ್ರಮವನ್ನು ಸ್ವೀಕರಿಸಿದರು. ಕಂಚಿಯಲ್ಲಿ ಇತರ ದರ್ಶನಗಳನ್ನು ಅಭ್ಯಸಿಸಿ, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಸನ್ನಿಧಿಯಲ್ಲಿ ಶಾಸ್ತ್ರವ್ಯಾಸಂಗವನ್ನು ಪೂರೈಸಿದರು. ಚಂದ್ರಗಿರಿಯ ಸಾಳುವ ನರಸಿಂಹನ ಆಸ್ಥಾನದಲ್ಲಿ ಮನ್ನಣೆ ಪಡೆದು, ತಿರುಮಲೆಯಲ್ಲಿ ಹನ್ನೆರಡು ವರ್ಷ ಶ್ರೀನಿವಾಸನನ್ನು ಅರ್ಚಿಸಿ, ಬಳಿಕ ವಿಜಯನಗರದಲ್ಲಿ ನೆಲೆಸಿದರೆಂದು ಪರಂಪರೆ ಹೇಳುತ್ತದೆ. ಸೋಮನಾಥ ಕವಿಯ 'ವ್ಯಾಸಯೋಗಿಚರಿತ'ವು ಈ ಜೀವನಕ್ಕೆ ಮುಖ್ಯ ಆಧಾರ. ಪುರಂದರದಾಸರಿಗೂ ಕನಕದಾಸರಿಗೂ ಗುರುಗಳಾದವರು ಇವರೇ.

ಇತಿಹಾಸಕಾರರು ಈ ಕಾಲವನ್ನು ಆಧುನಿಕಯುಗದ ಆರಂಭವೆಂದು ಗಣಿಸುತ್ತಾರೆ. ಯೂರೋಪಿನಲ್ಲಿ ಮುದ್ರಣಯಂತ್ರವು ಹರಡುತ್ತಿದ್ದ ದಿನಗಳವು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡರು. ನಮ್ಮ ದೇಶದ ವಿದ್ಯಾಲೋಕದಲ್ಲಿಯೂ ಆಗ ಒಂದು ಹೊಸ ಉಪಕರಣವು ಬಳಕೆಗೆ ಬಂದಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶೋಪಾಧ್ಯಾಯರು 'ತತ್ತ್ವಚಿಂತಾಮಣಿ'ಯಿಂದ ಪ್ರತಿಷ್ಠಾಪಿಸಿದ ನವ್ಯನ್ಯಾಯವೇ ಅದು. ಒಂದು ಮಾತಿನ ಅರ್ಥ ಎಲ್ಲಿಯವರೆಗೆ ಹರಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಅಳೆಯುವ ಭಾಷೆಯದು. ಶ್ರೀವ್ಯಾಸರಾಜರು ಆ ಭಾಷೆಯನ್ನು ಸಂಪೂರ್ಣವಾಗಿ ಕರಗತ ಮಾಡಿಕೊಂಡರು. 'ತರ್ಕತಾಂಡವ'ದಲ್ಲಿ ನೈಯಾಯಿಕರನ್ನು ಅವರ ಅಸ್ತ್ರದಿಂದಲೇ ಪರೀಕ್ಷಿಸಿದರು. 'ನ್ಯಾಯಾಮೃತ'ದಲ್ಲಿ ಅದ್ವೈತವನ್ನು ಎದುರಿಸಿದರು. 'ತಾತ್ಪರ್ಯಚಂದ್ರಿಕೆ'ಯಲ್ಲಿ ಸೂತ್ರಭಾಷ್ಯಗಳನ್ನು ತುಲನೆ ಮಾಡಿದರು. ಈ ಮೂರಕ್ಕೂ ಸೇರಿ 'ವ್ಯಾಸತ್ರಯ'ವೆಂಬ ಪ್ರಸಿದ್ಧಿ.

ಎದುರಾಳಿಯ ಮಾತು ಮೊದಲು

ಖಂಡಿಸುವುದಕ್ಕೆ ಮೊದಲು ಎದುರಾಳಿಯ ಮತವನ್ನು ಹೇಳುವುದಕ್ಕೆ ಪೂರ್ವಪಕ್ಷವೆಂದು ಹೆಸರು. ಅದನ್ನು ಎರಡು ವಿಧವಾಗಿ ಹೇಳಬಹುದು. ಸುಲಭವಾಗಿ ಬೀಳುವಂತೆ ದುರ್ಬಲವಾಗಿ ಹೇಳುವುದು ಒಂದು; ಎದುರಾಳಿಯೇ ಕೇಳಿ "ಹೌದು, ನನ್ನ ಅಭಿಪ್ರಾಯ ಇದೇ" ಎನ್ನುವಂತೆ ಹೇಳುವುದು ಇನ್ನೊಂದು. ಶ್ರೀವ್ಯಾಸರಾಜರದು ಎರಡನೆಯ ಮಾರ್ಗ.

ಒಂದು ನಿದರ್ಶನವನ್ನು ನೋಡೋಣ. ಅದ್ವೈತಿಗಳು ಜಗತ್ತನ್ನು ಮಿಥ್ಯೆಯೆನ್ನುತ್ತಾರೆ. ಮಿಥ್ಯೆಯೆಂದರೇನು? ಶ್ರೀವ್ಯಾಸರಾಜರು ತಮಗೆ ತೋಚಿದ ಒಂದು ಅರ್ಥವನ್ನು ಅವರ ಮೇಲೆ ಹೊರಿಸಲಿಲ್ಲ. ಪದ್ಮಪಾದರ 'ಪಂಚಪಾದಿಕೆ', ಪ್ರಕಾಶಾತ್ಮರ 'ವಿವರಣ', ಆನಂದಬೋಧ ಮತ್ತು ಚಿತ್ಸುಖಾಚಾರ್ಯರ ಗ್ರಂಥಗಳು, ಇವುಗಳಿಂದ ಐದು ಲಕ್ಷಣಗಳನ್ನು ಆರಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ವಿಮರ್ಶಿಸಿದರು. ಅದ್ವೈತಿಗಳ ಚದುರಿದ ವಾಕ್ಯಗಳು ಒಂದೆಡೆ ಸೇರಿ ಇಷ್ಟು ಸ್ಪಷ್ಟವಾದುದು ಅವರ ಪ್ರತಿವಾದಿಯ ಕೈಯಲ್ಲಿ!

ಅವುಗಳಲ್ಲಿ ಮೊದಲನೆಯದನ್ನು ಮನೆಯ ಮಾತಿನಲ್ಲಿ ಹೀಗೆ ಹೇಳಬಹುದು. ಬಿಸಿಲಿನಲ್ಲಿ ಹೊಳೆಯುವ ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಭ್ರಮಿಸುತ್ತೇವೆ. ಆ ಬೆಳ್ಳಿ ಸತ್ಯವಲ್ಲ, ಏಕೆಂದರೆ ಕೈಗೆತ್ತಿಕೊಂಡಾಗ ಇಲ್ಲವಾಗುತ್ತದೆ. ಮೊಲದ ಕೊಂಬಿನಂತೆ ಅಸತ್ತೂ ಅಲ್ಲ, ಏಕೆಂದರೆ ಕಣ್ಣಿಗೆ ತೋರಿತು. ಆದ್ದರಿಂದ ಅದು ಸತ್ತಿಗಿಂತಲೂ ಅಸತ್ತಿಗಿಂತಲೂ ವಿಲಕ್ಷಣವಾದುದು; ಜಗತ್ತೂ ಅಂತಹುದೇ ಎಂಬುದು ಅವರ ವಾದ. ಇದಕ್ಕೆ ಶ್ರೀವ್ಯಾಸರಾಜರ ಆಕ್ಷೇಪವೇನೆಂದರೆ, ಸತ್ತು ಅಸತ್ತುಗಳು ಪರಸ್ಪರ ವಿರುದ್ಧ. ಒಂದನ್ನು ಅಲ್ಲಗಳೆದರೆ ಇನ್ನೊಂದನ್ನು ಒಪ್ಪಲೇಬೇಕು, ಮೂರನೆಯದಕ್ಕೆ ಎಡೆಯಿಲ್ಲ. ಇನ್ನು ತೋರಿದ ಮಾತ್ರಕ್ಕೆ ಅಸತ್ತಲ್ಲವೆನ್ನುವುದೂ ಸಲ್ಲದು. ಇಲ್ಲದ ಬೆಳ್ಳಿಯೇ ಭ್ರಮೆಯಲ್ಲಿ ಇದ್ದಂತೆ ತೋರುತ್ತದೆಯೆಂಬುದು ಶ್ರೀಮಧ್ವಸಿದ್ಧಾಂತ.

ಇನ್ನೊಂದು ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಜಗತ್ತು ಮಿಥ್ಯೆಯೆನ್ನುವಿರಲ್ಲ, ಆ ಮಿಥ್ಯಾತ್ವವು ಸತ್ಯವೋ ಮಿಥ್ಯೆಯೋ? ಸತ್ಯವೆಂದರೆ ಬ್ರಹ್ಮವಲ್ಲದೆ ಎರಡನೆಯ ಸತ್ಯವೊಂದನ್ನು ಒಪ್ಪಿದಂತಾಯಿತು. ಮಿಥ್ಯೆಯೆಂದರೆ ಜಗತ್ತೇ ಸತ್ಯವಾಯಿತು.

ಕಾಶಿಯಿಂದ ಬಂದ ಉತ್ತರ

ಇಷ್ಟು ಸಮರ್ಥವಾದ ಗ್ರಂಥಕ್ಕೆ ಉತ್ತರ ಬಾರದಿರುತ್ತದೆಯೇ? ತುಂಗಭದ್ರಾತೀರದಲ್ಲಿ ಹುಟ್ಟಿದ ಓಲೆಗರಿಯ ಗ್ರಂಥವು ಪ್ರತಿಯಿಂದ ಪ್ರತಿಯಾಗಿ ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಸವೆಸಿ ಕಾಶಿಯನ್ನು ಮುಟ್ಟಿತು. ಬಂಗಾಳದಲ್ಲಿ ಹುಟ್ಟಿ ಕಾಶಿಯಲ್ಲಿ ನೆಲೆಸಿದ್ದ ಮಧುಸೂದನ ಸರಸ್ವತಿಯವರು 'ಅದ್ವೈತಸಿದ್ಧಿ'ಯನ್ನು ಬರೆದರು. ನ್ಯಾಯಾಮೃತದಂತೆಯೇ ಅದರಲ್ಲಿಯೂ ನಾಲ್ಕು ಪರಿಚ್ಛೇದಗಳು. ನ್ಯಾಯಾಮೃತದ ಆಕ್ಷೇಪಗಳನ್ನೇ ಕ್ರಮವಾಗಿ ಎತ್ತಿಕೊಂಡು ಸಮಾಧಾನ ಹೇಳುವ ರಚನೆ.

ಮೇಲಿನ ಪ್ರಶ್ನೆಗೆ ಅವರ ಸಮಾಧಾನವನ್ನು ನೋಡಿರಿ. ಆನೆಯನ್ನು ಕುರಿತು "ಇದು ಹಸುವಲ್ಲ" ಎಂದ ಮಾತ್ರಕ್ಕೆ ಅದು ಕುದುರೆಯೆಂದಾಗುವುದಿಲ್ಲ; ಎರಡನ್ನೂ ಒಟ್ಟಿಗೇ ನಿಷೇಧಿಸಬಹುದು. ಹಾಗೆಯೇ ಜಗತ್ತೂ ಅದರ ಮಿಥ್ಯಾತ್ವವೂ ಎರಡೂ ಬ್ರಹ್ಮಜ್ಞಾನದಿಂದ ಒಟ್ಟಿಗೇ ಬಾಧಿತವಾಗುತ್ತವೆಯೆಂದು ಅವರ ಅಭಿಪ್ರಾಯ. ನಾವು ಇದನ್ನು ಒಪ್ಪುವವರಲ್ಲ. ಆದರೆ ಇದು ಹಗುರವಾದ ಮಾತಲ್ಲವೆಂಬುದನ್ನು ಒಪ್ಪಲೇಬೇಕು.

ನಮ್ಮವರೂ ಸುಮ್ಮನಿರಲಿಲ್ಲ. ವ್ಯಾಸ ರಾಮಾಚಾರ್ಯರು ಕಾಶಿಗೆ ತೆರಳಿ, ಮಧುಸೂದನರ ಬಳಿಯಲ್ಲಿಯೇ ಶಿಷ್ಯರಾಗಿ ಕುಳಿತು ಪಾಠ ಹೇಳಿಸಿಕೊಂಡು, ಬಳಿಕ 'ನ್ಯಾಯಾಮೃತತರಂಗಿಣಿ'ಯಿಂದ ಖಂಡಿಸಿದರೆಂಬ ಐತಿಹ್ಯವಿದೆ. ತರಂಗಿಣಿಗೆ ಬ್ರಹ್ಮಾನಂದ ಸರಸ್ವತಿಯವರು 'ಚಂದ್ರಿಕೆ'ಯಿಂದ ಉತ್ತರವಿತ್ತರು. ಅದಕ್ಕೆ ವನಮಾಲಿ ಮಿಶ್ರರು ಪ್ರತ್ಯುತ್ತರವನ್ನು ಬರೆದರು. 1565ರಲ್ಲಿ ವಿಜಯನಗರವು ಹಾಳಾಯಿತು, ಅರಮನೆಗಳು ಮಣ್ಣುಗೂಡಿದವು. ಅಲ್ಲಿ ಹೊರಟ ಪ್ರಶ್ನೆಗಳು ಮಾತ್ರ ತಲೆಮಾರುಗಳುದ್ದಕ್ಕೂ ಉತ್ತರದೇಶದ ವಿದ್ವಾಂಸರನ್ನು ಎಚ್ಚರವಾಗಿಟ್ಟವು. ಯಾರೊಬ್ಬರೂ ಎದುರಾಳಿಯ ಗ್ರಂಥವನ್ನು ಓದದೆ ಬರೆದವರಲ್ಲ.

ನಾವು ಕಲಿಯಬೇಕಾದುದು

ಇಂದು ಕೆಲವು ಪ್ರವಚನಗಳಲ್ಲಿ ಒಂದು ಪರಿಹಾಸದ ಮಾತು ಕೇಳಿಬರುತ್ತದೆ: "ಜಗತ್ತು ಮಿಥ್ಯೆಯಾದರೆ ಊಟವೇಕೆ ಮಾಡುತ್ತಾರೆ?" ಸಭೆ ನಗುತ್ತದೆ; ಮಕ್ಕಳು ಆ ಮಾತನ್ನೇ ಸಿದ್ಧಾಂತವೆಂದು ಭಾವಿಸುತ್ತಾರೆ. ಮುಂದೆ ಕಾಲೇಜಿನಲ್ಲಿ ಅದ್ವೈತಿಯಾದ ಸಹಪಾಠಿಯೊಬ್ಬನು "ನಾವು ವ್ಯಾವಹಾರಿಕ ಸತ್ಯವನ್ನು ಒಪ್ಪುತ್ತೇವಲ್ಲ" ಎಂದು ಒಂದೇ ಮಾತು ಹೇಳಿದರೆ ನಮ್ಮ ಹುಡುಗನ ಬಾಯಿ ಕಟ್ಟುತ್ತದೆ. ಆಗ ಅವನು ಸಂಶಯಪಡುವುದು ಆ ಪರಿಹಾಸದ ಮಾತನ್ನಲ್ಲ, ಹಿರಿಯರ ಸಿದ್ಧಾಂತವನ್ನು. ನಷ್ಟವಾಗುವುದು ಇಲ್ಲಿಯೇ.

ಪಾಠಶಾಲೆಯಲ್ಲಿ ನಮ್ಮ ಅಧ್ಯಾಪಕರು ಪೂರ್ವಪಕ್ಷವನ್ನು ಪುಸ್ತಕ ನೋಡದೆ ಒಪ್ಪಿಸಿದವನಿಗೆ ಮಾತ್ರ ಮುಂದಿನ ಪಾಠವನ್ನು ಹೇಳುತ್ತಿದ್ದರು. ಅದು ಬರಿಯ ಕಟ್ಟುನಿಟ್ಟಲ್ಲ, ವ್ಯಾಸರಾಜರ ಸಂಪ್ರದಾಯ. ಜಗತ್ತು ಸತ್ಯ, ಹರಿಯು ಸರ್ವೋತ್ತಮ, ಜೀವನು ಅವನ ಅಧೀನ ಎಂಬ ತತ್ತ್ವಗಳ ಮೇಲೆ ನಮ್ಮ ದಾನ, ವ್ರತ, ಸೇವೆಗಳೆಲ್ಲ ನಿಂತಿವೆ. ದಾಸರು ಅವನ್ನು ಕನ್ನಡದಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದರು. ಆ ಹಾಡಿನ ಕೆಳಗಿನ ಅಡಿಪಾಯವು ನ್ಯಾಯಾಮೃತದಂತಹ ಗ್ರಂಥಗಳು.

2019ರ ಜುಲೈ ತಿಂಗಳಿನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ಶ್ರೀವ್ಯಾಸರಾಜರ ವೃಂದಾವನವನ್ನು ದುಷ್ಕರ್ಮಿಗಳು ಕೆಡವಿದಾಗ ಆಸ್ತಿಕರೆಲ್ಲ ಕಣ್ಣೀರಿಟ್ಟರು. ಕೆಲವೇ ದಿನಗಳಲ್ಲಿ ಅದನ್ನು ಪುನಃ ನಿರ್ಮಿಸಲಾಯಿತು. ಕಲ್ಲುಗಳನ್ನು ಹಾಗೆ ಮತ್ತೆ ಜೋಡಿಸಬಹುದು. ಪಾಠಪರಂಪರೆಯೊಂದು ಕಡಿದುಹೋದರೆ ಅಷ್ಟು ಬೇಗ ಕೂಡಿಬರದು.

ಆದುದರಿಂದ ಈ ಬಾರಿಯ ಆರಾಧನೆಯಂದು ತೀರ್ಥಪ್ರಸಾದವನ್ನು ಸ್ವೀಕರಿಸಿದ ಮೇಲೆ, ಮನೆಯ ಹಿರಿಯರು ಮಕ್ಕಳನ್ನು ಕೂರಿಸಿಕೊಂಡು ಚಿಪ್ಪು-ಬೆಳ್ಳಿಯ ದೃಷ್ಟಾಂತವನ್ನು ಹೇಳಲಿ. ಮೊದಲು ಅದ್ವೈತಿಗಳ ಮಾತನ್ನು ಅವರು ಹೇಳುವಂತೆಯೇ ಹೇಳಿ, ಅನಂತರ ನಮ್ಮ ಉತ್ತರವನ್ನು ತಿಳಿಸಲಿ. ಮಗು ಎದುರು ಪ್ರಶ್ನೆ ಹಾಕಿದರೆ ಗದರಿಸದೆ, ತಿಳಿದವರಲ್ಲಿಗೆ ಕರೆದೊಯ್ಯಲಿ. ಇದೂ ಶ್ರೀಗುರುರಾಜರಿಗೆ ಸಲ್ಲುವ ಒಂದು ಸೇವೆಯೇ.

॥ ಶ್ರೀಕೃಷ್ಣಾರ್ಪಣಮಸ್ತು ॥